ಚಪ್ಪಾಳಿ ಪಗಾರ

ಬೆಳಿಗ್ಗೆ ಐದಕ್ಕ ಸಂತೋಷ ನಗರದ ನಾಕಾದಾಗ
ಪಠಾರೆಯ ಟೆಂಪೋ ಬಂದು ನಿಲ್ತದ.
ರಾತ್ರಿ ಚಿರತಿ ಇಳಿದ ಹಾದಿ ಅದು.
ಮೂವತ್ತು ಮಂದಿ ಏರತೀವಿ,
ಇದ್ದುದರಾಗ ಚಲೋ ಸೀರಿ ಉಟ್ಟು.
ಬಿಳಿ ಬ್ಯಾಡ, ಸಣ್ಣ ಗೆರಿ ಬ್ಯಾಡ, ಕ್ಯಾಮೆರಾಕ್ಕ ಕಣ್ಣು ಕುಕ್ತದಂತ.
ಕಲಬುರಗಿ ಬಿಟ್ಟು ಬಂದಾಗ ಇಟ್ಟಂಗಿ ಹೊತ್ತೆ, ಸಿಮೆಂಟು ಕಲಸಿದೆ.
ಈಗ ನನ್ನ ಕೆಲಸ ಚಪ್ಪಾಳಿ ತಟ್ಟೂದು.
ದಿನಕ್ಕ ಆರುನೂರು, ಒಂದು ವಡಾಪಾವ್, ಎರಡು ಚಹಾ.
ರೊಟ್ಟಿ ತಟ್ಟಿದ ಕೈ, ಅಷ್ಟು ಲಗೂನ ಸೋಲೂದಿಲ್ಲ.

ಹಾಡು ಮೊದಲಲ್ಲ, ಚಪ್ಪಾಳಿ ಮೊದಲು.
ಇದು ತಿಳೀಲಿಕ್ಕೆ ನನಗ ಎರಡು ದಿನ ಹಿಡೀತು.
ಖಾಲಿ ವೇದಿಕೆ. ಹೆಡ್‌ಫೋನ್ ಹಾಕ್ಕೊಂಡಾಂವ ಕೈ ಎತ್ತತಾನ:
ನಗ್ರಿ. ನಗತೀವಿ.
ಬೆರಗಾಗ್ರಿ. ಬಾಯಿ ತೆಗೀತೀವಿ.
ಎದ್ದು ನಿಲ್ರಿ, ಕಣ್ಣು ಒರಸ್ಕೊಳ್ರಿ.
ಮುಂದ ಯಾರು ಹಾಡ್ತಾರ, ಯಾರಿಗೆ ಗೊತ್ತು,
ಕಣ್ಣೀರು ಮುಂಗಡ ಕೊಟ್ಟಿರತೀವಿ,
ಖೋಲಿಗೆ ಡಿಪಾಜಿಟ್ ಕಟ್ಟಿದಂಗ.

ಒಂದಿನ ಒಬ್ಬ ಹುಡುಗ ಬಂದ, ಹನ್ನೊಂದು ವರ್ಷದಾಂವ.
ದನಿ ಅಂದ್ರ ದನಿ, ತಾಮ್ರದ ಕೊಡದಾಗ ನೀರು ತಿರುಗಿದಂಗ.
ಹಾಡು ಮುಗದ ಮ್ಯಾಲೆ ಅಪ್ಪ ಸತ್ತ ಸುದ್ದಿ ಹೇಳಂದ್ರು.
ಹೇಳಿದ. ನಾನು ಖರೇನ ಅತ್ತೆ.
ಬೆಳಕಿನಾಂವ ಯಾಕೋ ತಲಿ ಅಲ್ಲಾಡಿಸಿದ.
ಮತ್ತೊಮ್ಮೆ ಹೇಳಪಾ.
ಎರಡನೇ ಸಲ ಹುಡುಗ ಇನ್ನೂ ಚಲೋ ಅತ್ತ.
ಮೂರನೇ ಸಲಕ್ಕ ಅವನ ಕಣ್ಣು ನನ್ನ ಕಣ್ಣಿಗೆ ಬಿತ್ತು,
ಒಂದ ಮುಕಾದಮನ ಕೈಕೆಳಗಿನ ಇಬ್ಬರು ಆಳು ನೋಡ್ಕೊಂಡಂಗ.

ಐತವಾರ ಓಣಿಯೆಲ್ಲ ನಮ್ಮ ಖೋಲಿಯೊಳಗ.
ನನ್ನ ಮಾರಿ ಬಂತು, ರೆಪ್ಪಿ ಬಡಿಯೂದ್ರೊಳಗ ಹೋತು.
ಅದೂ ಆ ಹುಡುಗನ ಮಾತಿಗಲ್ಲ,
ಬೆಂಕಿ ನುಂಗೂ ಯಾವಾಕಿಗೋ ನಾನು ಅಳಾಕತ್ತಿದ್ದೆ.
ಯಾರಿಗೂ ಅದರ ಗೊಡವಿ ಇಲ್ಲ, ಸೀಟಿ ಹೊಡದ್ರು.
ಮಗಳು ಸುಗಲಾ ಒಬ್ಬಾಕಿ ಟೀವಿ ನೋಡಿ, ನನ್ನ ನೋಡಿ,
ಮತ್ತ ಟೀವಿ ನೋಡಿದಳು.

ಸುಗಲಾ ಕುಣೀತಾಳ. ಎಂಟನೇ ಇಯತ್ತೆ.
ನೀರಿನ ಪಾಳಿಯಾಗ ಕೊಡ ಇಟ್ಟು ಕುಣೀತಾಳ,
ಓಣಿ ಹುಡುಗರು ಚಪ್ಪಲಿ ಎತ್ತಿ ನಂಬರ್ ಕೊಡ್ತಾವ.
ಸೋತಾಂವ ಎಲ್ಲರನ್ನೂ ತೆಕ್ಕಿ ಬಡದು
ಥ್ಯಾಂಕ್ಯೂ ಹೇಳಿ, ಅತ್ತು ಹೊರಗ ಬೀಳಬೇಕು.
ಮೂರು ವರ್ಷದ ಕೂಸು ಬಿದ್ದು ಮೊಣಕಾಲು ಕೆತ್ತಿದ್ರ
ಮೊದಲು ಯಾರ್ಯಾರು ನೋಡಾಕತ್ತಾರ ಅಂತ ನೋಡ್ತದ.
ಕೂಸುಗಳು ಮೊದಲಿಂದಲೂ ಹಂಗ ಇದ್ವೇನೋ,
ನನಗ ನೆನಪಿಲ್ಲ.

ಆಡಿಷನ್ನಿಗೆ ವಿಡಿಯೋ ಕಳಿಸಬೇಕಂತ.
ಅವ್ವಾ, ನಮ್ಮ ಕತಿ ಏನು?
ಯಾವ ಕತಿ?
ಕುಣಿಯೂಕಿಂತ ಮೊದಲು ಹೇಳ್ತಾರಲ್ಲ, ಅದು.
ಜೋಳ ಹಸನು ಮಾಡ್ಕೋತ ವಿಚಾರ ಮಾಡಿದೆ.
ಅಪ್ಪ ನೀರಿನ ಟ್ಯಾಂಕರ್ ಹೊಡೀತಾನ, ಅಂದೆ.
ತುಟಿ ಸೊಟ್ಟ ಮಾಡಿದಳು.
ಕುಡಿಯೂದಿಲ್ಲ, ಬಡಿಯೂದಿಲ್ಲ,
ಹಲ್ಲು ನೋವು ಅಂತ ಲವಂಗ ಕಡದು ಮಲಗ್ತಾನ.
ಇದಕ್ಕ ಯಾರು ಅಳ್ತಾರವ್ವಾ? ಅಂದಳು,
ಖಾಲಿ ಡಬ್ಬಿ ಅಲ್ಲಾಡಿಸಿ ನೋಡಿದಂಗ.

ನಿನ್ನೆ ಸಂಜಿ ಫೋನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು,
ಕೂದಲು ಹಿಂದಕ್ಕ ಸರಿಸಿ,
ನಮ್ಮಪ್ಪ ಇಲ್ಲ, ಅಂದಳು ಹಿಂದಿಯೊಳಗ.
ಟ್ಯಾಂಕರ್ ಉರುಳಿತು. ನಾನಾಗ ಸಣ್ಣಾಕಿ.
ತಡದಳು. ಎಲ್ಲಿ ತಡೀಬೇಕಂತ ಎಷ್ಟು ಚಲೋ ಗೊತ್ತದ ಅಕಿಗೆ.
ನಾನು ಕುಣಿಯೂದು ನೋಡಬೇಕಂತ ಅವಂಗ ಭಾಳ ಆಸೆ ಇತ್ತು.
ನನ್ನ ಗಂಟಲು ಕಟ್ಟಿತು. ರೊಟ್ಟಿ ಬಿಟ್ಟು
ಕೈ ತಾವ ಕೂಡಿದ್ವು,
ಹಿಟ್ಟು ಹಾರಿ ಗಾಳ್ಯಾಗ ನಿಂತಿತು.

ಆಗ ನೋಡಿದೆ, ಬಾಗಲ ಹೊರಗ ಅಂವ ನಿಂತಾನ.
ಅಂಗಿ ತೋದದ.
ಸಪ್ಪಳ ಆಗಬಾರದಂತ ಚಪ್ಪಲಿ ಬಿಚ್ಚಿ ಕೈಯಾಗ ಹಿಡದಾನ.
ಎಷ್ಟೊತ್ತಾತು ಅಂತ ಕೇಳಲಿಲ್ಲ ನಾನು.
ಮುಗೀತೇನು? ಅಂದ. ಒಳಗ ಬರಲ್ಯಾ?

ಸುಗಲಾ ಫೋನು ಎತ್ತಿ ನೋಡಿದಳು, ತಿರುಗಿಸಿ ನೋಡಿದಳು.
ಬೆಳಕು ಸರಿ ಬಂದಿಲ್ಲಪ್ಪಾ, ಇನ್ನೊಂದ ಸಲ.
ಅಂವ ಹೂಂ ಅಂದು
ಮತ್ತ ಓಣಿಗೆ ಸರದು ನಿಂತ.