ಮೊಹರಿನ ಬಾಕಿ

ಒಟ್ಟು ಏಳು ರೂಪಾಯಿ. ಮುಂಗಡ ಎರಡು ಬಂದಿತ್ತು,
ಬಾಕಿ ಐದು ಇವತ್ತಿಗೂ ಲೆಕ್ಕದ ಪುಸ್ತಕದಲ್ಲಿದೆ:
"ಏಳು ಕುದ್ರು ಒಕ್ಕೂಟ. ದುಂಡು ಮೊಹರು, ಒಂದು."

ತೆಂಕಪೇಟೆಯ ನನ್ನ ಅಂಗಡಿಗೆ ಆ ಸೋಮವಾರ
ಮೊಣಕಾಲ ತನಕ ಒಣಗಿದ ಕೆಸರಿನಲ್ಲಿ ಮೂವರು ಬಂದರು:
ಕಡವಿನ ಹಿರಿಯಣ್ಣ ಮೆಂಡನ್, ತೆಂಗಿನ ನಾರಿನ ಇನಾಸ ಮಥಾಯಸ,
ಅವರ ಹಿಂದೆ, ಮಾತಿಲ್ಲದೆ, ಮರುವಾಯಿ ಹೆಕ್ಕುವ ಅಕ್ಕು.
ಆಟಿಯ ನೆರೆಗೆ ದೋಣಿ ಮಗುಚಿ ಶಾಲೆಯ ಮಕ್ಕಳು ನಾಲ್ಕು ಹೋಗಿದ್ದವು,
ಅದರಲ್ಲೊಂದು ಅವಳದು.
ಸೇತುವೆಗೆ ಬರೆದ ಅರ್ಜಿ ಹನ್ನೊಂದು.

"ಇನ್ನು ಅರ್ಜಿ ಇಲ್ಲ," ಅಂದರು ಮೆಂಡನ್.
"ನಾವೇ ಬೇರೆ. ತಾಲೂಕು ಬೇಡ, ಜಿಲ್ಲೆ ಬೇಡ,
ದಿಲ್ಲಿಯನ್ನು ಹೇಗೂ ಯಾರೂ ಕಂಡಿಲ್ಲ.
ಸುತ್ತ ನೀರುಂಟು. ಬೇಲಿಯ ಖರ್ಚಿಲ್ಲ."

ನಗು ಬಂತು, ನಗಲಿಲ್ಲ.
ಕನ್ನಡಿಯಲ್ಲಿ ಮಾತ್ರ ಸರಿ ಕಾಣುವ ಅಕ್ಷರಗಳೊಟ್ಟಿಗೆ
ಮೂವತ್ತು ವರ್ಷ ಬಾಳಿದವನಿಗೆ
ತಿರುಗಿ ನಿಂತ ದೇಶ ಅಷ್ಟೇನೂ ವಿಚಿತ್ರ ಅಲ್ಲ.

ಜಗಳ ಹತ್ತಿದ್ದು ಹೆಸರಿಗೆ.
ಏಳರಲ್ಲಿ ಯಾವುದು ಮೊದಲು?
ಸಿಹಿನೀರಿನ ಬಾವಿ ಮೂಡಕುದ್ರುವಿನಲ್ಲಿ ಮಾತ್ರ.
ತಲೆ ಹೆಚ್ಚು ಗುಜ್ಜೆಕುದ್ರುವಿನಲ್ಲಿ.
ಶಾಲೆ, ಇಗರ್ಜಿ, ಏಳಕ್ಕೂ ಇದ್ದ ಒಂದೇ ಗಡಿಯಾರ
ಇನಾಸನ ಕಡೆ.
"ದುಂಡಗಿದ್ದದ್ದಕ್ಕೆ ಮೊದಲು ಕೊನೆ ಇಲ್ಲ ಮಾರಾಯ್ರೆ," ಅಂದೆ.
"ಬರೆಯುವಾಗ ಎಲ್ಲಿಂದಾದರೂ ಸುರು ಮಾಡಬೇಕಲ್ಲ?" ಅಂದ ಇನಾಸ.
ಆಗ ಅಕ್ಕು ಬಾಯಿ ತೆಗೆದಳು:
"ಹೆಸರು ಬೇಡ. ಏಳು ಚುಕ್ಕೆ ಇಡಿ. ನಡುವೆ ಒಂದು ದೋಣಿ.
ಮಗುಚದ್ದು."

ಅರ್ಧ ಬ್ಲೇಡಿನಲ್ಲಿ ಎರಡು ರಾತ್ರಿ ಕೊರೆದೆ
ಒಂದೂವರೆ ಇಂಚಿನ ದೇಶ.
ಚುಕ್ಕೆಗಳೆಲ್ಲ ಒಂದೇ ಗಾತ್ರ, ಅಳೆದೇ ಇಟ್ಟದ್ದು, ಆಣೆ.

ಒಂಬತ್ತು ದಿನ ಬಾಳಿತು.
ಹಳೇ ಹಾಯಿ ಹರಿದು ಬಾವುಟ ಮಾಡಿದರಂತೆ.
ಕಂದಾಯ ಕಟ್ಟೆವು ಎಂದು ಠರಾವು
(ಕಟ್ಟುತ್ತಿದ್ದವರು ಮೊದಲೇ ಕಡಿಮೆ).
ನಾಲ್ಕನೆಯ ದಿನ ಮೂಡಕುದ್ರು ಬಾವಿಗೆ ಬೀಗ ಜಡಿಯಿತು,
ಕೊಡಕ್ಕೆ ಐದು ಪೈಸೆ.
ಉಪ್ಪುಕುದ್ರು ಅದಕ್ಕೆ ತನ್ನ ಮರುವಾಯಿ ದಿಬ್ಬದ ಸುತ್ತ ಗೂಟ ನೆಟ್ಟಿತು.
ಹೊಸಕುದ್ರು ಒಕ್ಕೂಟದಿಂದಲೂ ಬೇರೆಯಾಯಿತು.
ಅಲ್ಲಿ ಮನೆ ಎರಡು.

ಕೊನೆಗೆ ನಾಲ್ಕು ಪೊಲೀಸರು ಬಂದು
ಈ ದಡದಲ್ಲಿ ನಿಂತು ಕೂ ಹಾಕಿದರು.
ಒಬ್ಬನಿಗೂ ಈಜು ಬಾರದು.
ತನ್ನನ್ನು ಹಿಡಿಯಲು ಬಂದವರನ್ನು ಮೆಂಡನ್ನರೇ ದಾಟಿಸಿದರು,
ತಲೆಗೆ ಹದಿನೈದು ಪೈಸೆ.
"ಕಡವಿನವ ಇಲ್ಲ ಅನ್ನಬಾರದು."

ಹಿಡಿಯಲೂ ಇಲ್ಲ. ಸಾಯುವ ತನಕ ಅದೇ ಹೇಳುತ್ತಿದ್ದರು ಆತ.
ಗಡಿಯಾರದ ಕೆಳಗೆ ಕೂತು ಚಾ ಕುಡಿದು
ಬಾವುಟ ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದರಂತೆ.

ತಿಂಗಳ ಮೇಲೆ ನನ್ನದೊಂದು ಬಿಲ್ಲಿಗೆಂದು ತಾಲೂಕು ಕಚೇರಿಗೆ ಹೋದಾಗ
ಗುಮಾಸ್ತ ಉಪಾಧ್ಯರು ಕಡತ ಬಿಚ್ಚಿ ತೋರಿಸಿದರು:
ಪ್ರತ್ಯೇಕತೆಯ ಘೋಷಣೆ, ಎರಡು ಹಾಳೆ, ಮೇಷ್ಟ್ರ ದುಂಡಕ್ಷರ,
ಕೆಳಗೆ ನನ್ನ ಏಳು ಚುಕ್ಕೆ, ನನ್ನ ದೋಣಿ,
ದೋಣಿಯನ್ನು ಅಡ್ಡಡ್ಡ ಸೀಳಿ ನೇರಳೆ ಶಾಯಿಯಲ್ಲಿ
"ಸ್ವೀಕರಿಸಲಾಗಿದೆ".
ಮೂಲೆಯಲ್ಲಿ ಪೆನ್ಸಿಲು: ಸೇತುವೆ ಬೇಡಿಕೆ. ಅರ್ಜಿ ಹನ್ನೆರಡು.

ಆ ಮೊಹರೂ ನಾನು ಕೊರೆದದ್ದೇ.
ವ ಒತ್ತಿನ ಬಾಲ ಮುರಿದಿತ್ತು.
ಕಚೇರಿಯವರು ನಗದು ಕೊಟ್ಟಿದ್ದರು.

ಮುಂದಿನ ಆಟಿಯಲ್ಲಿ ಅಕ್ಕು ಬಂದಳು, ಒಬ್ಬಳೇ,
ಸೆರಗಿನ ಗಂಟಿನಿಂದ ಮೊಹರು ತೆಗೆದು ಮೇಜಿನ ಮೇಲಿಟ್ಟಳು.
ದೋಣಿಯಲ್ಲಿ ನಾಲ್ಕು ಜನ ಬೇಕಂತೆ.
ರಬ್ಬರಿಗೆ ಕೂಡಿಸಲು ಬರುವುದಿಲ್ಲ ಅಕ್ಕಾ, ಕಳೆಯಬಹುದು ಅಷ್ಟೇ, ಅಂದೆ.
"ಕಳೆದೇ ಮಾಡಿ."
ಬ್ಲೇಡಿನ ತುದಿಯಿಂದ ದೋಣಿಯ ಒಡಲಲ್ಲಿ ನಾಲ್ಕು ತೂತು ತೆಗೆದೆ.
ಅವಳು ಅದನ್ನು ಅಂಗೈ ಮೇಲೆ ಒತ್ತಿ
ಶಾಯಿ ಆರುವ ತನಕ ಕೈ ಬಿಡಿಸಿಕೊಂಡೇ ಕೂತಳು.
ಬಿಳಿ ಬಿಳಿ ನಾಲ್ಕು.

ಆ ದಿನದ ಕೂಲಿ ಬರೆದಿಲ್ಲ.
ಹಳೇ ಬಾಕಿ ಐದು ಹಾಗೇ ಇದೆ.