ಕಂಡಿಕೆ

ಅಂಗನವಾಡಿಯ ರೇಣುಕಮ್ಮ ತಾಯಿಕಾರ್ಡಿನ ಮೇಲೆ
ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿದ್ದಳು:
ಮೂರು ತುಂಬಿತು, ಮಾತಿಲ್ಲ.
ಚಿತ್ರದುರ್ಗದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ
ಕಿವಿ ಚೆನ್ನಾಗಿದೆ ಎಂದರು.
ಮನೆಯಲ್ಲಿ ಮಾತಾಡ್ತೀರಾ? ಎಂದರು.
ನಾನೂ ಸುನಂದಳೂ ಮುಖ ಮುಖ ನೋಡಿಕೊಂಡೆವು.
ಮಾತಾಡದೇನು, ಬೆಳಗಿನಿಂದ ದೀಪ ಹಚ್ಚುವ ತನಕ
ಮಗ್ಗ ಮಾತಾಡುತ್ತದೆ,
ನಡುನಡುವೆ ನಾವು.

ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ
ಮನೆ ಅಂದರೆ ಮಗ್ಗ. ಮಿಕ್ಕ ಜಾಗಕ್ಕೆ ಸಂಸಾರ.
ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ
ನನ್ನ ಕಣ್ಣಿನ ಮಟ್ಟಕ್ಕೆ ಬನಶ್ರೀ ನಿಲ್ಲುತ್ತಾಳೆ.
ಎಷ್ಟು ದಿನ ಹಾಗೆ ನಿಂತಿದ್ದಳೋ,
ನಾನು ನೋಡುತ್ತಿದ್ದದ್ದು ಎಳೆ.

ಬೆಕ್ಕು ತಾನಾಗಿ ಬಂತು.
ರೇಷ್ಮೆಯ ಮನೆಗೆ ಬೆಕ್ಕು ಸೇರಿಸುವುದೆಂದರೆ
ಬೀಡಿ ಹಚ್ಚಿಕೊಂಡು ಬಣವೆಗೆ ಒರಗಿದ ಹಾಗೆ.
ಅವ್ವ ಎರಡು ಸಲ ಗೋಣಿಚೀಲದಲ್ಲಿ ಕಟ್ಟಿ
ರಾಯದುರ್ಗದ ರಸ್ತೆಯಲ್ಲಿ ಬಿಟ್ಟು ಬಂದಳು,
ಎರಡು ಸಲವೂ ಅವಳಿಗಿಂತ ಮುಂಚೆ ಮನೆಯಲ್ಲಿತ್ತು.
ಕೊನೆಗೆ ಇಲಿ ಕಡಿದ ಸೆರಗುಗಳ ಲೆಕ್ಕ ಹಾಕಿ
ಇರಲಿ ಬಿಡು ಎಂದಳು. ಹೆಸರೂ ಅವಳದೇ:
ಸುತ್ತಿಕೊಂಡು ಮಲಗಿದರೆ ಥೇಟು ಕಂಡಿಕೆ,
ಬೂದಿ ಬಣ್ಣದ ನೂಲಿನದು.

ಮಗಳು ಅದರ ಹೊಟ್ಟೆಗೆ ಕಿವಿ ಹಚ್ಚುವಳು.
ಒಳಗೆ ರಾಟೆ ತಿರುಗುತ್ತಿತ್ತು.
ಆಮೇಲೆ ಎರಡು ಬೆರಳಿನಿಂದ
ತನ್ನ ಗಂಟಲು ಮುಟ್ಟಿ ನೋಡಿಕೊಳ್ಳುವಳು.

ಒಂದು ಮಧ್ಯಾಹ್ನ, ಮಾವಿನಕಾಯಿ ಬುಟ್ಟಾದ ಸೀರೆ,
ಇನ್ನೊಂದು ಮೊಳ ನೇಯ್ದರೆ ಮುಗಿಯಿತು.
ಜೋತುಬಿದ್ದ ಜರಿಯ ಎಳೆಗೆ ಕಂಡಿಕೆ ಪಂಜ ಎತ್ತಿತು.
ಹೊಡೆಯಲು ನಾನು ಲಾಳಿ ಎತ್ತಿದೆ.
"ಬ್ಯಾಡ!"
ಪಂಜ ನಿಂತಿತು. ನನ್ನ ಕೈಯೂ ನಿಂತಿತು.
ಯಾರಿಗೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ.

ಸುನಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.
ಅವ್ವ ಬಾಯಿಗೆ ಸಕ್ಕರೆ ಹಾಕಿದಳು.
ನಾನು ಕುಣಿಯಲ್ಲೇ ಕೂತು ಎಣಿಸಿದೆ:
ಮುಟ್ಟಬ್ಯಾಡ, ಎಳೆ ಹರೀತೈತೆ.
ಬರಬ್ಯಾಡ, ಕುಣಿಗೆ ಬಿದ್ದೀಯ.
ಅಳಬ್ಯಾಡ, ಸಾವ್ಕಾರ್ರು ಬಂದವ್ರೆ.
ಮೂರು ವರ್ಷದಲ್ಲಿ ನಾವು ಕೊಟ್ಟಿದ್ದು ಒಂದೇ ಮಾತು.
ಕೂಸು ಅದನ್ನೇ ಜೋಪಾನವಾಗಿಟ್ಟು
ಬೇಕಾದ ಹೊತ್ತಿಗೆ ತೆಗೆದಿತ್ತು.

"ಬಾ" ಅನ್ನುವುದು ಎಲ್ಲಿಂದ ಬಂತೋ.
ತೆಂಗಿನ ಕರಟದಲ್ಲಿ ಹಾಲಿಟ್ಟು
ಹೊಸ್ತಿಲಲ್ಲಿ ಕೂತು, ಬಾ, ಕಂಡಿಕೆ, ಬಾ.
ಅದು ಗೋಡೆಯ ಮೇಲೆ ಕೂತು ಬಾಲ ನೆಕ್ಕುತ್ತಿತ್ತು.
ನಾಯಿಯಾಗಿದ್ದರೆ ಒಂದೇ ಮಾತಿಗೆ ಬಂದುಬಿಡುತ್ತಿತ್ತು,
ಇವಳ ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು.
ಇದು ಬರಲಿಲ್ಲ. ಅದಕ್ಕೇ "ಹಾಲು" ಬಂತು.
"ಹಾಲು ಐತೆ" ಬಂತು. "ಆರಿ ಹೋಗ್ತೈತೆ ಬಾ" ಬಂತು.
ವಾರ ಕಳೆಯುವುದರೊಳಗೆ ಒಂದು ಸುಳ್ಳೂ ಬಂತು:
"ಅಜ್ಜಿ ಮೀನು ತಂದವ್ಳೆ!"
ನಮ್ಮ ಮನೆಯಲ್ಲಿ ಯಾರೂ ಮೀನು ಮುಟ್ಟುವುದಿಲ್ಲ.

ರೇಣುಕಮ್ಮ ರಬ್ಬರು ತಂದು ಸೊನ್ನೆ ಅಳಿಸಿದಳು.
ಗುರುತು ಸ್ವಲ್ಪ ಉಳಿದಿದೆ.
ಏನು ಔಷಧಿ ಮಾಡಿದ್ರಿ ಎಂದಳು.
ಸುನಂದ, ಬೆಕ್ಕು, ಎಂದಳು.
ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದಳು ಪಾಪ,
ಅದನ್ನು ಬರೆಯುವ ಖಾನೆ ಎಲ್ಲೂ ಇರಲಿಲ್ಲ.

ಈಗ ಸೀರೆಗೆ ಒಂದು ದಿನ ಹೆಚ್ಚೇ ಹಿಡಿಯುತ್ತದೆ.
ಕುಣಿಯ ತಂಪಿನಲ್ಲಿ, ನನ್ನ ಎಡಪಾದದ ಮೇಲೆ
ಕಂಡಿಕೆ ಬಂದು ಮಲಗುತ್ತದೆ.
ಮಣೆ ತುಳಿಯಲು ಕಾಲು ಎತ್ತಿದೆನೋ ಇಲ್ಲವೋ,
ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲುತ್ತಾಳೆ:
"ಅಲ್ಲಾಡಬ್ಯಾಡ ಅಪ್ಪ,
ಅದು ಈಗ ಮಲಗೈತೆ."