ಪೊರೆ

ರುಸ್ತಾವಿಯ ಉಕ್ಕಿನ ಕಾರ್ಖಾನೆಯ ಹಿಂದೆ
ಹಿಪ್ಪುನೇರಳೆ ಮರದ ಬುಡದಲ್ಲಿ ನನ್ನ ಶೆಡ್ಡು.
ಹಣ್ಣು ಉದುರುವ ಜೂನಿನಲ್ಲಿ ಬಿಳಿ ಕಾರು ತರಬೇಡಿ ಅಂತ
ಬೋರ್ಡೇ ಬರೆದಿದ್ದೇನೆ. ಲಮಾರಾ ಓದಲಿಲ್ಲ.
ಬಿಳಿ ಒಪೆಲ್. ಜೂನ್ ಹನ್ನೊಂದು.

"ಹೋದ ತಿಂಗಳು ನನ್ನ ಕಣ್ಣಿನ ಪೊರೆ ತೆಗೆಸಿದೆ,
ಇವತ್ತು ಇದರದು ತೆಗಿ," ಅಂದಳು ಗಾಜು ತಟ್ಟಿ.
ತಪಾಸಣೆಯವರು ಎರಡು ಸಲ ವಾಪಸು ಕಳಿಸಿದ್ದಾರಂತೆ.
ಗಂಡ ಹೋಗಿ ಎಂಟು ತಿಂಗಳು. ಅರವತ್ತಮೂರರಲ್ಲಿ ಲೈಸೆನ್ಸು,
ಮೂರನೇ ಯತ್ನಕ್ಕೆ. ಅದನ್ನೂ ಹೇಳಿದಳು.

ಒಂದು ಕಾಲಕ್ಕೆ ಕಪ್ಪೆಂದರೆ ಕಪ್ಪು ಇದ್ದದ್ದು
ಈಗ ಬದನೆ ಸಿಪ್ಪೆಯ ಬಣ್ಣ,
ಮೈತುಂಬ ಗುಳ್ಳೆ,
ಅಂಚಿನಲ್ಲಿ ಹಾಲಿನ ಕೆನೆಯಂತೆ ಮುದುಡಿ.
ಒಳಗೆ ಕೂತು ನೋಡಿದರೆ
ಊರಿಗೆ ಊರೇ ಹೊಡೆತ ತಿಂದು ಕಂದಿದ ಹಾಗೆ.

ನನ್ನದೇ ಕೈಕೆಲಸ. ಕಂಡ ಕೂಡಲೇ ಗೊತ್ತಾಯಿತು,
ಮೂಲೆಗಳನ್ನು ಆಗ ಸ್ವಲ್ಪ ದುಂಡಗೆ ಕತ್ತರಿಸುತ್ತಿದ್ದೆ.
ಹತ್ತೊಂಬತ್ತು ವರ್ಷ. ಬಾಯಿ ಬಿಡಲಿಲ್ಲ.
ಗುಳ್ಳೆ ಬಾರದೆಂದು ಜೀವಮಾನದ ಗ್ಯಾರಂಟಿ ಕೊಟ್ಟಿದ್ದೆ;
ಯಾರ ಜೀವಮಾನ ಅಂತ ಬರೆದಿರಲಿಲ್ಲ.

ಅಂಟಿಸುವುದಕ್ಕೆ ಕಣ್ಣು ಬೇಕು, ಕೀಳುವುದಕ್ಕೆ ತಾಳ್ಮೆ.
ಮೊದಲು ಬಿಸಿ, ಗಾಜಿನ ಹೊರಗಿಂದ, ಅಂಗೈ ತಡೆಯುವಷ್ಟು.
ಆಮೇಲೆ ಮೂಲೆಗೆ ಉಗುರು.
ಎಳೆಯಬಾರದು, ಬರಲಿ ಅಂತ ಬಿಡಬೇಕು.
ಅವಸರಪಟ್ಟರೆ ಬಣ್ಣ ಕೈಗೆ ಬರುತ್ತದೆ
ಗೋಂದು ಗಾಜಿಗೇ ಉಳಿಯುತ್ತದೆ,
ಆಮೇಲೆ ಸೋಪಿನ ನೀರು, ಬೈಗುಳ, ಮತ್ತೆ ಸೋಪಿನ ನೀರು.
ಹಿಂದಿನ ಗಾಜಿಗಂತೂ ಬ್ಲೇಡು ತೋರಿಸಲೇಬಾರದು:
ಅದರ ಮೈಯಲ್ಲಿ ಬಿಸಿಯ ಗೆರೆಗಳು,
ಒಂದು ಕಡಿದರೆ ಚಳಿಗಾಲವಿಡೀ
ಅಷ್ಟಗಲದ ಮಂಜು ಕರಗುವುದಿಲ್ಲ.

ಅದಕ್ಕೆ ಅಮೋನಿಯಾ ಚಿಮುಕಿಸಿ, ಕಸದ ಕರಿ ಚೀಲ ಹೊದೆಸಿ
ಬಿಸಿಲಿಗೆ ಬಿಟ್ಟೆ. ಕಣ್ಣಲ್ಲಿ ದಳದಳ ನೀರು.
ಹಳೇ ಟೈರಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತ
ಲಮಾರಾ ಅಂದಳು, "ಅಳಬೇಡ.
ನಾನೇ ಅಳಲಿಲ್ಲ."

ಎಡಗಡೆಯ ಹಿಂಬಾಗಿಲಿಗೆ ಬಂದಾಗ ಮಾತ್ರ ಎದ್ದು ಬಂದಳು.
"ಇಲ್ಲಿ ನಿಧಾನ. ಇಲ್ಲೊಂದಿದೆ."

ಇತ್ತು. ಫಿಲ್ಮಿಗೂ ಗಾಜಿಗೂ ನಡುವೆ
ಗೇಣುದ್ದದ ಕಪ್ಪು ಕೂದಲು, ಕೊಕ್ಕೆಯಂತೆ ಬಾಗಿ.

"ಕಪ್ಪು ಹಾಕಿಸಿಕೊಂಡು ಬಂದ ವಾರವೇ ಕಂಡೆ. ಆಗ ನನ್ನದು
ಗೋರಂಟಿ ಕೆಂಪು, ಕಿವಿಯವರೆಗೆ ಮಾತ್ರ.
ನೋದರನನ್ನು ಕೇಳಿದೆ. ಗಾಜಿನವನದು ಅಂದ.
ಜಗಳದಲ್ಲೂ ಅದೇ, ನಿದ್ದೆಗಣ್ಣಲ್ಲೂ ಅದೇ,
ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ್ದಾಗಲೂ
ಗಾಜಿನವನದು, ಲಮಾರಾ.
ಹೋಗುವಾಗಲಾದರೂ ಅವಳ ಹೆಸರು ಹೇಳಬಹುದಿತ್ತು."

ಬಿಸಿಗಾಳಿಯ ಗನ್ನು ಕೈಯಲ್ಲಿ ಸುಮ್ಮನೆ ಊದುತ್ತಿತ್ತು.
ನನಗಾಗ ಇಪ್ಪತ್ತೊಂಬತ್ತು. ಹೆಗಲ ಕೆಳಗಿನವರೆಗೆ ಕೂದಲು,
ರಾತ್ರಿ ಮದುವೆಗಳಲ್ಲಿ ಗಿಟಾರು, ಹಗಲು ಗಾಜು.
ಕೆಲಸದ ಹೊತ್ತಲ್ಲಿ ಕಟ್ಟಿಕೋ ಅಂತ ಅಮ್ಮ ಬಡಕೊಳ್ಳುತ್ತಿದ್ದಳು.

"ನನ್ನದು," ಅಂದೆ.

ಲಮಾರಾ ನನ್ನ ತಲೆ ನೋಡಿದಳು.
ಆಗತಾನೇ ಬಿದ್ದ ಒಂದು ಹಿಪ್ಪುನೇರಳೆ ಬಿಟ್ಟರೆ
ಅಲ್ಲಿ ಏನೂ ಇರಲಿಲ್ಲ.
ಹೊಸ ಕಣ್ಣು, ಬಹಳ ಹೊತ್ತು ನೋಡಿದಳು.
"ಸಾಕ್ಷಿ ಹೇಳು ಅಂತ ಎಷ್ಟು ಕೊಟ್ಟಿದ್ದ ನಿನಗೆ?"

ಒಳಗೆ ಗೋಡೆಗೆ ಫೋಟೋ ಇದೆ, ಗಿಟಾರಿನದು,
ಬಂದು ನೋಡು ಅಂದೆ.
ಬಾಗಿಲ ತನಕ ಬಂದಳು.
ಹೊಸ್ತಿಲ ಮೇಲೆ ನಿಂತು, ಕೈಚೀಲದ ಜಿಪ್ಪು
ತೆಗೆದು, ಹಾಕಿ, ತೆಗೆದು,
"ಇವತ್ತು ಬೇಡ," ಅಂದಳು.

ಆ ಗಾಜಿನದೊಂದೇ ಇಡಿಯಾಗಿ ಬಂತು,
ಹಾವು ಕಳಚಿದ ಪೊರೆಯ ಹಾಗೆ, ಕೂದಲ ಸಮೇತ.
ಎಸೆಯುತ್ತೀಯಾ ಅಂತ ಕೇಳಿದಳು.
ಎಸೆಯುವುದೇ ಅಂದೆ. ಕೊಡು ಅಂದಳು.
ಅಂಟು ಒಳಗಾಗುವಂತೆ ನಾಲ್ಕು ಮಡಿಕೆ ಮಾಡಿ
ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟಳು,
ನೋದರನ ಕಪ್ಪು ಕನ್ನಡಕದ ಪಕ್ಕ.

ಹೊರಡುವಾಗ ಎರಡು ಸಲ ಎಂಜಿನ್ ನಿಂತಿತು.
ತಿರುವಿನಲ್ಲಿ ಎಡಕ್ಕೆ ದೀಪ ಹಾಕಿ ಬಲಕ್ಕೆ ಹೋದಳು.
ಈಗ ಎಲ್ಲ ಕಾಣುತ್ತದಲ್ಲ:
ಖಾಲಿ ಸೀಟಿನ ಕಡೆ ತಿರುಗಿ
ಕೈ ಬೀಸಿ ಬೀಸಿ ಏನೋ ಕೇಳುತ್ತಿದ್ದಳು.

ಬಾನೆಟ್ಟಿನ ಮೇಲೆ ಮೂರು ಹಣ್ಣಿನ ಕಲೆ.
ಬೋರ್ಡಿನಲ್ಲಿ ಹೇಳಿಯೇ ಇದ್ದೆ.